ಅನ್ಯಲೋಕದವರ ಮುಂದೆ ಯಾವ ‘ನಾವು’?

ಕನ್ನಡದ ಅಂಕಣಗಳಲ್ಲಿ, ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ, ಪರಿಸರ ದಿನದ ಭಾಷಣಗಳಲ್ಲಿ, ಬೆಳಗಾಗೆದ್ದರೆ ಬಂದು ಬೀಳುವ ವಾಟ್ಸಾಪ್ ಸಂದೇಶಗಳಲ್ಲಿ ಒಬ್ಬ ಅತಿಥಿ ಆಗಾಗ ಬಂದುಹೋಗುತ್ತಾನೆ. ಅವನು ಬೇರೆ ಗ್ರಹದವನು. ಭೂಮಿಯನ್ನು ಮೇಲಿನಿಂದ ಒಂದು ಸುತ್ತು ನೋಡುತ್ತಾನೆ, ಮರುಕದಿಂದ ತಲೆ ಅಲ್ಲಾಡಿಸುತ್ತಾನೆ, ಎಂಥ ಮೂರ್ಖ ಪ್ರಾಣಿ ಈ ಮನುಷ್ಯ ಎಂದು ಹೇಳಿ ಹೊರಟುಹೋಗುತ್ತಾನೆ. ತಾನು ಕುಡಿಯುವ ನೀರಿಗೆ ತಾನೇ ವಿಷ ಬೆರೆಸುವವನು, ಇರುವ ಒಂದು ಮನೆಗೂ ಬೆಂಕಿ ಇಡುವವನು, ನೆಲದ ಮೇಲೆ ಗೆರೆ ಎಳೆದು ಆ ಗೆರೆಗಾಗಿ ಕೊಲ್ಲುವವನು. ಓದಿದವರು ಹೌದಲ್ಲ ಎನ್ನುತ್ತಾರೆ, ಕ್ಷಣಹೊತ್ತು ನಾಚಿಕೊಳ್ಳುತ್ತಾರೆ, ಆಮೇಲೆ ಕಾಫಿ ಕುಡಿಯುತ್ತಾರೆ.

ಈ ಅತಿಥಿಯನ್ನು ಇನ್ನು ಮುಂದೆ ಕರೆಯದಿರುವುದೇ ಒಳ್ಳೆಯದು. ಅವನ ಮಾತು ತೀರಾ ಕಟು ಎಂಬ ಕಾರಣಕ್ಕಲ್ಲ, ಅದು ಯಾರಿಗೂ ತಾಗುವುದಿಲ್ಲ ಎಂಬ ಕಾರಣಕ್ಕೆ. ಅವನ ಎಲ್ಲ ವಾಕ್ಯಗಳಿಗೂ ಕರ್ತೃಪದ ಒಂದೇ: ‘ಮನುಷ್ಯ’. ಅದೂ ಏಕವಚನ. ಎಂಟುನೂರು ಕೋಟಿ ಜನ ಆ ಒಂದು ಪದದೊಳಗೆ ಹಿಡಿಸುತ್ತಾರೆ. ಮರ ಕಡಿಸಿದವನೂ ಮನುಷ್ಯ, ಕಡಿಯಬೇಡಿ ಎಂದು ಲಾಕಪ್ಪಿಗೆ ಹೋದವಳೂ ಮನುಷ್ಯ. ಎಲ್ಲರೂ ತಪ್ಪಿತಸ್ಥರಾದ ಕಡೆ ಯಾರ ಮೇಲೂ ಕೇಸು ನಿಲ್ಲುವುದಿಲ್ಲ. ವ್ಯಾಕರಣದಲ್ಲೇ ಕೊಟ್ಟುಬಿಟ್ಟ ಜಾಮೀನು ಇದು.

ಅನ್ಯಲೋಕದವರ ಕಣ್ಣಿಗೆ ಭೂಮಿ ಹೇಗೆ ಕಂಡೀತು ಎಂಬುದನ್ನು ಭಾಷಣಕಾರರ ಊಹೆಗೇ ಬಿಡಬೇಕಾಗಿಲ್ಲ. ಒಮ್ಮೆ ಈ ಪ್ರಶ್ನೆಗೆ ಸಮಿತಿ ಮಾಡಿ, ದುಡ್ಡು ಹಾಕಿ, ಉತ್ತರವನ್ನು ಲೋಹದಲ್ಲಿ ಕೊರೆದು ಕಳಿಸಿದ್ದಾರೆ. 1977ರ ಆಗಸ್ಟ್ 20ರಂದು ವೊಯೇಜರ್ 2, ಸೆಪ್ಟೆಂಬರ್ 5ರಂದು ವೊಯೇಜರ್ 1 ಅಮೆರಿಕದಿಂದ ಮೇಲೇರಿದವು. ಎರಡರ ಮೈಮೇಲೂ ಚಿನ್ನದ ಲೇಪವಿರುವ ತಾಮ್ರದ ಒಂದೊಂದು ಗ್ರಾಮಫೋನ್ ತಟ್ಟೆ. ದಾರಿಯಲ್ಲಿ ಯಾರಾದರೂ ಸಿಕ್ಕರೆ ಭೂಮಿಯ ಪರಿಚಯ ಆಗಲಿ ಎಂದು ಕಾರ್ಲ್ ಸೇಗನ್ ಮತ್ತು ಜೊತೆಯವರು ಕೆಲವೇ ತಿಂಗಳಲ್ಲಿ ಕಟ್ಟಿದ ಬುತ್ತಿ ಅದು. 55 ಭಾಷೆಗಳ ನಮಸ್ಕಾರ, ಮಳೆ ಗುಡುಗಿನಂಥ ಸದ್ದುಗಳು, ನೂರಕ್ಕೂ ಹೆಚ್ಚು ಚಿತ್ರಗಳು, ಸುಮಾರು 90 ನಿಮಿಷದ ಸಂಗೀತ ಅದರಲ್ಲಿವೆ.

ಆ ಚಿತ್ರಗಳಲ್ಲಿ ಯುದ್ಧವಿಲ್ಲ, ರೋಗವಿಲ್ಲ, ಬಡತನವಿಲ್ಲ. ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಬೆತ್ತಲೆ ಗಂಡುಹೆಣ್ಣಿನ ಚಿತ್ರಕ್ಕೆ ನಾಸಾ ಒಪ್ಪದಿದ್ದಾಗ ಬರಿಯ ನೆರಳಿನ ಆಕೃತಿ ಕಳಿಸಿದರು. ಭಾರತದ್ದು ಎಂದು ತಾಜ್ ಮಹಲ್ ಇದೆ, ವಾಹನ ಕಿಕ್ಕಿರಿದ ರಸ್ತೆಯೊಂದಿದೆ. ಹೆಣ್ಣು ನೋಡಲು ಬರುತ್ತಾರೆಂದರೆ ಹಿಂದಿನ ದಿನ ಹರಕು ಚಾಪೆಯನ್ನು ಅಟ್ಟಕ್ಕೆ ಸೇರಿಸುವುದು ನಮ್ಮ ಕಡೆ ಇದ್ದದ್ದೇ. ಇಲ್ಲಿ ಆ ಕೆಲಸ ಇಡೀ ಗ್ರಹಕ್ಕೆ ನಡೆಯಿತು. ಗ್ರಹದ ಪರವಾಗಿ ಮಾತಾಡಿದವರು ಆಗಿನ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕುರ್ಟ್ ವಾಲ್ಡ್‌ಹೈಮ್. ಶಾಂತಿ, ಸ್ನೇಹದ ಮಾತು ಅವರದು. ಎರಡನೇ ಮಹಾಯುದ್ಧದಲ್ಲಿ ಅವರು ಬಾಲ್ಕನ್ ಪ್ರದೇಶದಲ್ಲಿ ಹಿಟ್ಲರನ ಸೇನೆಯ ಅಧಿಕಾರಿಯಾಗಿದ್ದದ್ದು 1986ರಲ್ಲಿ ಬಯಲಾಯಿತು. ಮರುವರ್ಷ ಅಮೆರಿಕ ಅವರನ್ನು ತನ್ನ ನೆಲಕ್ಕೆ ಕಾಲಿಡದಂತೆ ತಡೆಯಿತು. ಅಮೆರಿಕದೊಳಕ್ಕೆ ಬರಬಾರದ ಮನುಷ್ಯನ ದನಿ, ಅಮೆರಿಕದ್ದೇ ನೌಕೆಯಲ್ಲಿ, ಇಡೀ ಮಾನವಕುಲದ ದನಿಯಾಗಿ ಇವತ್ತಿಗೂ ಹೋಗುತ್ತಿದೆ.

ಕನ್ನಡಿಗರಿಗೆ ಈ ತಟ್ಟೆಯ ನೆನಪಾಗುವುದು ನವೆಂಬರಿನಲ್ಲಿ. ‘ಬಾಹ್ಯಾಕಾಶದಲ್ಲೂ ಕನ್ನಡ’ ಎಂಬ ಸಂದೇಶ ಹಳದಿಕೆಂಪು ಹಿನ್ನೆಲೆಯಲ್ಲಿ ಮೊಬೈಲಿನಿಂದ ಮೊಬೈಲಿಗೆ ಓಡುತ್ತದೆ. ಸುದ್ದಿ ನಿಜ. 55ರಲ್ಲಿ ಕನ್ನಡವೂ ಒಂದು. ತಮಿಳು ಇಲ್ಲ, ಮಲಯಾಳ ಇಲ್ಲ, ತುಳು ಕೊಂಕಣಿಗಳಂತೂ ಇಲ್ಲ. ಆದರೆ ಇದು ಭಾಷೆಗಳ ಯೋಗ್ಯತೆ ತೂಗಿ ಮಾಡಿದ ಪಟ್ಟಿಯಲ್ಲ. ದನಿಗಳನ್ನು ಬಹುಪಾಲು ಕೂಡಿಸಿದ್ದು ಸೇಗನ್ ಪಾಠ ಮಾಡುತ್ತಿದ್ದ ಕಾರ್ನೆಲ್ ವಿಶ್ವವಿದ್ಯಾಲಯದ ಸುತ್ತಮುತ್ತಲಿನ ಜನರಿಂದ. ಆ ಹೊತ್ತಿಗೆ ಅಲ್ಲೊಬ್ಬ ಕನ್ನಡಿಗರು ಸಿಕ್ಕಿದರು, ಅಷ್ಟೆ. ಸಾವಿರಾರು ವರ್ಷದ ಸಾಹಿತ್ಯಕ್ಕೆ ಸಂದ ಗೌರವ ಎಂದುಕೊಳ್ಳುವವರು, ಅದೇ ತರ್ಕದಲ್ಲಿ ಸಂಗಂ ಸಾಹಿತ್ಯ ಏಕೆ ಬಿಟ್ಟುಹೋಯಿತೆಂದು ವಿವರಿಸಬೇಕಾಗುತ್ತದೆ.

ಹೆಮ್ಮೆಗಿಂತ ಸ್ವಾರಸ್ಯವಾದದ್ದು ಆ ನಮಸ್ಕಾರಗಳ ಒಕ್ಕಣೆ. ಗುಜರಾತಿಯಲ್ಲಿ ಮಾತಾಡಿದವರು ಭೂಮಿಯ ಒಬ್ಬ ಮನುಷ್ಯನಿಂದ ನಮಸ್ಕಾರ, ದಯವಿಟ್ಟು ಸಂಪರ್ಕಿಸಿ ಎಂದರು. ಮುಂಬಯಿಯ ಮಸ್ಜಿದ್ ಬಂದರಿನಲ್ಲಿ ವ್ಯಾಪಾರ ಮಾಡಿದ ಯಾರಿಗೇ ಆದರೂ ಇದು ಪರಿಚಿತ ದನಿ: ಪೀಠಿಕೆ ಬೇಡ, ನಂಬರ್ ಇದೆ, ಫೋನ್ ಮಾಡಿ. ರಾಜಸ್ಥಾನಿಯಲ್ಲಿ ‘ಇಲ್ಲಿ ಸುಖ, ಅಲ್ಲೂ ಸುಖವಾಗಿರಿ’ ಎಂಬರ್ಥದ ಮಾತು. ಹಳೆಯ ಇನ್‌ಲ್ಯಾಂಡ್ ಪತ್ರಗಳ ‘ಉಭಯ ಕುಶಲೋಪರಿ’ಯೇ ಅದು. ಮರಾಠಿಯವರು ಈ ಭೂಮಿಯ ಜನ ತಮ್ಮ ಶುಭ ಹಾರೈಕೆ ಕಳಿಸುತ್ತಾರೆ ಎಂದರು, ತಾವು ಆ ಜನರಲ್ಲಿ ಸೇರಿಲ್ಲವೇನೋ ಎಂಬಂತೆ. ಕನ್ನಡದ ದನಿ ಮಾತ್ರ ಇಡೀ ಭೂಮಿಯ ಉಸಾಬರಿಗೆ ಹೋಗಲಿಲ್ಲ. ನಮಸ್ತೆ ಹೇಳಿ, ಕನ್ನಡಿಗರ ಪರವಾಗಿ ಎಂದು ಸ್ಪಷ್ಟವಾಗಿ ಗಡಿ ಹಾಕಿಕೊಂಡು ಶುಭಾಶಯ ಹೇಳಿ ಮುಗಿಸಿತು.

ಇವು ಆಯಾ ಜನರಿಗೆ ಆ ಕ್ಷಣಕ್ಕೆ ಹೊಳೆದ ಮಾತುಗಳು, ಹೆಚ್ಚು ಜಗ್ಗಬಾರದು. ಆದರೂ ಇವುಗಳ ಹಿಂದೆ ಮುಂಬಯಿಯ ಯಾವುದೇ ಲೋಕಲ್ ರೈಲಿನಲ್ಲಿ ದಿನವೂ ಕೇಳಿಸುವ ಒಂದು ವ್ಯಾಕರಣದ ತೊಡಕು ಇದೆ. ಮರಾಠಿಗೆ ‘ನಾವು’ ಎರಡು. ‘ಆಪಣ್’ ಎಂದರೆ ಕೇಳುತ್ತಿರುವ ನೀವೂ ಸೇರಿದ ನಾವು. ‘ಆಮ್ಹೀ’ ಎಂದರೆ ನಿಮ್ಮನ್ನು ಬಿಟ್ಟ ನಾವು. ತುಳುವಿನಲ್ಲೂ ಹಾಗೆ, ‘ನಮ’ ಬೇರೆ, ‘ಎಂಕುಳು’ ಬೇರೆ. ಗುಜರಾತಿಯಲ್ಲಿ ‘ಆಪಣೆ’ ಮತ್ತು ‘ಅಮೆ’. ತಮಿಳು, ತೆಲುಗು, ಮಲಯಾಳಗಳಲ್ಲೂ ಈ ಭೇದ ಉಂಟು. ಸುತ್ತಲಿನ ಎಲ್ಲ ಮನೆಗಳಲ್ಲೂ ಎರಡು ಬಾಗಿಲು, ಕನ್ನಡದ ಮನೆಗೆ ಮಾತ್ರ ಒಂದೇ. ಹಿಂದಿಯ ‘ಹಮ್’, ಇಂಗ್ಲಿಷಿನ ‘ವಿ’ ಕೂಡ ಒಂಟಿ ಬಾಗಿಲಿನವೇ. ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡುವವರು ಪ್ರತಿ ಪುಟದಲ್ಲೂ ಇಲ್ಲಿ ಎಡವುತ್ತಾರೆ: ಮಾಲೀಕ ಕೆಲಸದವನಿಗೆ ಹೇಳುವ ‘ಆಮ್ಹೀ’ಯೂ ‘ನಾವು’, ಮುಷ್ಕರದ ಸಭೆಯಲ್ಲಿ ಮುಖಂಡ ಕೂಗುವ ‘ಆಪಣ್’ ಕೂಡ ‘ನಾವು’.

ಅನ್ಯಲೋಕದವರ ಜೊತೆ ಮಾತಾಡುವ ‘ನಾವು’ ಮರಾಠಿಯಲ್ಲಿ ‘ಆಮ್ಹೀ’ ಆಗಬೇಕು. ಎದುರಿಗಿರುವವರು ಮನುಷ್ಯರಲ್ಲವಲ್ಲ. ಆದರೆ ಅವರನ್ನು ಹೊರಗಿಟ್ಟ ಮಾತ್ರಕ್ಕೆ ಒಳಗಿರುವವರೆಲ್ಲ ಒಂದಾಗಿಬಿಡುತ್ತಾರೆಯೇ? ವೈರಿ ಎದುರಾದಾಗ ದಾಯಾದಿಗಳು ಒಂದಾಗುತ್ತಾರೆ ಎಂಬ ನಂಬಿಕೆಯ ಮೇಲೆ ಎಷ್ಟೋ ಸಿನಿಮಾ ನಿಂತಿವೆ. ಅನ್ಯಲೋಕದ ಅತಿಥಿಯ ನಿಜವಾದ ಉಪಯೋಗವೂ ಇದೇ. ಅವನು ಬಂದು ನಿಂತರೆ ಸಾಕು, ಇತ್ತಕಡೆಯವರೆಲ್ಲ ಪುಕ್ಕಟೆಯಾಗಿ ಒಂದೇ ‘ನಾವು’.

ಮುಂಬಯಿಯ ಕನ್ನಡಿಗರು ಈ ಪದದ ಪೆಟ್ಟು ತಿಂದವರು. ಈ ನಗರದ ಅತಿ ಜನಪ್ರಿಯ ಘೋಷಣೆ ‘ಆಮ್ಚೀ ಮುಂಬಯಿ’. ಅದನ್ನು ಪ್ರೀತಿಯಿಂದ ಹೇಳುವವರೇ ಬಹಳ, ಎಲ್ಲರೂ ಹೊರದಬ್ಬುವ ಅರ್ಥದಲ್ಲಿ ಹೇಳುವುದಿಲ್ಲ. ಆದರೆ ಪದಕ್ಕೆ ಅದರದೇ ನೆನಪಿರುತ್ತದೆ. ಅದು ‘ಆಪ್ಲೀ’ ಅಲ್ಲ, ‘ಆಮ್ಚೀ’. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣದವರ ವಿರುದ್ಧ ನಡೆದ ಚಳವಳಿಯಲ್ಲಿ ಉಡುಪಿ ಹೋಟೆಲುಗಳೂ ಗುರಿಯಾದಾಗ, ಗಲ್ಲಾದಲ್ಲಿ ಕೂತವರಿಗೆ ಈ ಸರ್ವನಾಮದ ಪಾಠ ಚೆನ್ನಾಗಿಯೇ ಆಯಿತು.

ಹಾಗೆಂದು ಕನ್ನಡದ ಒಂಟಿ ‘ನಾವು’ ಉದಾರ ಎಂದುಕೊಂಡರೆ ಕೆಟ್ಟೆವು. ಸಂಘಗಳ ಅಮೃತ ಮಹೋತ್ಸವಗಳಲ್ಲಿ ಒಂದು ಮಾತು ತಪ್ಪದೆ ಕೇಳುತ್ತದೆ: ನಾವು ಈ ನಗರ ಕಟ್ಟಿದೆವು, ಮುಂಬಯಿಗೆ ಇಡ್ಲಿ ತಿನ್ನಿಸಿದೆವು. ಯಾವ ನಾವು? ಮಾಟುಂಗದಲ್ಲಿ ಹೋಟೆಲಿನ ಮೇಲೆ ಹೋಟೆಲು ಎಬ್ಬಿಸಿದ ಧಣಿಯೇ, ಅಥವಾ ಹತ್ತು ಹನ್ನೆರಡರ ವಯಸ್ಸಿಗೆ ಊರಿನಿಂದ ಬಂದು, ಹಗಲೆಲ್ಲ ಲೋಟ ತೊಳೆದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸಿದ ಹುಡುಗನೇ? ವೇದಿಕೆಯ ಮೇಲೆ ಶಾಲು ಹೊದ್ದವರಿಗೂ ಬೆರಳ ಸಂದಿ ಕೊಳೆತವರಿಗೂ ಕನ್ನಡದಲ್ಲಿ ಒಂದೇ ಸರ್ವನಾಮ. ಎರಡು ಬಾಗಿಲು ಇರುವ ಭಾಷೆಯಲ್ಲಿ ಕನಿಷ್ಠ ಯಾವ ಬಾಗಿಲು ಮುಚ್ಚಿದೆ ಎಂದು ಕಾಣುತ್ತದೆ.

ಅದೇ ಚಿನ್ನದ ತಟ್ಟೆಗೆ ಮುಂಬಯಿ ಕಳಿಸಿದ ದನಿಯೂ ಇಂಥದೇ ಪ್ರಶ್ನೆ ಎತ್ತುತ್ತದೆ. ಅಲ್ಲಿನ ಸಂಗೀತದ ತುಣುಕುಗಳು 27. ಬಾಕ್‌ಗೆ ಮೂರು, ಬೀಥೋವನ್‌ಗೆ ಎರಡು, ಭಾರತಕ್ಕೆಲ್ಲ ಸೇರಿ ಒಂದು: ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ, ಮೂರೂವರೆ ನಿಮಿಷ. ಕೇಸರಬಾಯಿ 1892ರಲ್ಲಿ ಗೋವಾದ ಕೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳಗಿದವರು. ಜೈಪುರ ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಶಿಷ್ಯೆ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರ ಬಳಿ ಕಲಿತದ್ದರಿಂದ ಕನ್ನಡಿಗರಿಗೂ ಈ ಮನೆಯ ಹಾಡು ಗೊತ್ತು.

ಕೇಸರಬಾಯಿ ತನ್ನ ಕೇಳುಗರನ್ನು ತಾನೇ ಆರಿಸುತ್ತಿದ್ದ ಗಾಯಕಿ. ರೇಡಿಯೋಗೆ ಹಾಡಲು ಒಲ್ಲೆನೆಂದರು, ಕದ್ದು ರೆಕಾರ್ಡ್ ಮಾಡುವವರನ್ನು ಸಹಿಸುತ್ತಿರಲಿಲ್ಲ. 1960ರ ದಶಕದಲ್ಲಿ, ದನಿ ಮೊದಲಿನಂತಿಲ್ಲ ಅನ್ನಿಸಿದಾಗ, ಕಛೇರಿಯನ್ನೇ ನಿಲ್ಲಿಸಿದರು. ಅಂಥವರ ಧ್ವನಿ, ಅಮೆರಿಕದ ಜನಾಂಗ ಸಂಗೀತ ತಜ್ಞ ರಾಬರ್ಟ್ ಬ್ರೌನ್ ಹೇಳಿದ್ದರಿಂದ ಪಟ್ಟಿ ಸೇರಿತು. ಅಂಗಡಿಗಳಲ್ಲಿ ಎಲ್ಲೂ ಸಿಗದ ಆ ರೆಕಾರ್ಡನ್ನು ಆನ್ ಡ್ರುಯನ್ ಕೊನೆಗೆ ಹುಡುಕಿದ್ದು ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ಭಾರತೀಯ ಕುಟುಂಬವೊಂದು ನಡೆಸುತ್ತಿದ್ದ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ, ಒಂದು ಮೇಜಿನ ಕೆಳಗಿನ ಪೆಟ್ಟಿಗೆಯೊಳಗೆ. ವೊಯೇಜರ್ 1 ಹಾರಿದ ಹನ್ನೊಂದನೆಯ ದಿನ, 1977ರ ಸೆಪ್ಟೆಂಬರ್ 16ರಂದು, ಕೇಸರಬಾಯಿ ತೀರಿಕೊಂಡರು.

ಈಗ ಅವರು ‘ನಮ್ಮ ಕೇಸರಬಾಯಿ’, ‘ಭಾರತದ ದನಿ’. ಅವರು ಗೋವಾದ ಕಲಾವಂತ ಸಮುದಾಯದವರು, ದೇವಸ್ಥಾನದ ಸೇವೆಗೆ ಕಟ್ಟಿಹಾಕಿದ್ದ ಹೆಣ್ಣುಮಕ್ಕಳ ಕುಲ ಅದು. 1940ರ ದಶಕದಲ್ಲಿ ಆಕಾಶವಾಣಿ, ಖಾಸಗಿ ಬದುಕು ಮರ್ಯಾದಸ್ಥವಲ್ಲ ಎಂಬ ನೆಪದಲ್ಲಿ ಇಂಥ ಕುಲಗಳ ಎಷ್ಟೋ ಗಾಯಕಿಯರಿಗೆ ಬಾಗಿಲು ಮುಚ್ಚಿತ್ತು. ಹಾಡು ಬೇಕು, ಹಾಡುವವಳು ಬೇಡ ಎಂದವರ ಮೊಮ್ಮಕ್ಕಳು ನಕ್ಷತ್ರಗಳ ಮುಂದೆ ಆಕೆಯನ್ನು ‘ನಾವು’ ಎಂದು ಪರಿಚಯಿಸುತ್ತಿದ್ದಾರೆ. ಅತ್ತ ಕಡೆ ಕೇಳಿಸಿಕೊಳ್ಳುವವರಿಗೆ ಇದು ತಿಳಿಯುವ ದಾರಿಯೇ ಇಲ್ಲ. ಭೈರವಿಯಲ್ಲಿ ಹೆಂಗಸೊಬ್ಬಳ ಧ್ವನಿ ಇರುತ್ತದೆ, ಅವಳನ್ನು ಯಾವ ಬಾಗಿಲಲ್ಲಿ ನಿಲ್ಲಿಸಿದ್ದರು ಎಂಬುದು ಇರುವುದಿಲ್ಲ.

ತಟ್ಟೆಯ ಮಾತು ಬಿಡಿ, ಅದು ಯಾರ ಕೈಗೂ ಸಿಗಲಾರದು. ವೊಯೇಜರ್ 1 ಈಗ 2,400 ಕೋಟಿ ಕಿಲೋಮೀಟರಿಗಿಂತ ಆಚೆ ಇದ್ದರೂ, ಬೇರೊಂದು ನಕ್ಷತ್ರದ ಹತ್ತಿರ, ಅದೂ ಒಂದೂವರೆ ಜ್ಯೋತಿರ್ವರ್ಷಕ್ಕಿಂತ ದೂರದಲ್ಲಿ, ಹಾದುಹೋಗಲು ಇನ್ನೂ ಸುಮಾರು 40 ಸಾವಿರ ವರ್ಷ ಬೇಕು. ಹಾಗಾದರೆ ಮುಂಬಯಿಯಿಂದ ನಿಜಕ್ಕೂ ಹೊರಗೆ ಹೋಗುತ್ತಿರುವುದೇನು?

1927ರ ಜುಲೈಯಲ್ಲಿ ಇಲ್ಲಿ ಶುರುವಾದ ರೇಡಿಯೋ ಪ್ರಸಾರವಂತೂ ಹೋಗಿಲ್ಲ. ಮಧ್ಯಮ ತರಂಗಗಳನ್ನು ಅಯಾನುಗೋಳ ಬಹುಪಾಲು ದಾಟಗೊಡುವುದಿಲ್ಲ. 1972ರ ಅಕ್ಟೋಬರ್ 2ರಂದು ಮುಂಬಯಿ ದೂರದರ್ಶನ ಕಣ್ಣು ತೆರೆಯಿತು. ಟೀವಿಯ ಅಲೆ ದಾಟುತ್ತದೆ. ಆ ಮೊದಲ ಅಲೆ 50 ಜ್ಯೋತಿರ್ವರ್ಷ ಮೀರಿ ಹೋಗಿರಬೇಕು. ಮುಂಬಯಿ ಕೇಂದ್ರದಿಂದ ದೀರ್ಘಕಾಲ ಬಂದ ಕೃಷಿ ಕಾರ್ಯಕ್ರಮದ ಹೆಸರು ‘ಆಮ್ಚೀ ಮಾತೀ, ಆಮ್ಚೀ ಮಾಣಸಂ’. ನಮ್ಮ ಮಣ್ಣು, ನಮ್ಮ ಜನ. ಇಲ್ಲೂ ‘ಆಮ್ಚೀ’ಯೇ! ಅಷ್ಟು ದೂರ ಹೋಗುವಷ್ಟರಲ್ಲಿ ಅಲೆ ಎಷ್ಟು ಕ್ಷೀಣವಾಗಿರುತ್ತದೆಂದರೆ ಅದರೊಳಗಿನ ಮಾತು, ಮುಖ ಯಾವುದನ್ನೂ ಬಿಡಿಸಲಾಗದು. ಅದಕ್ಕಿಂತ ಗಟ್ಟಿಯಾಗಿ ಕೇಳಿಸುವುದು ಶಕ್ತಿಶಾಲಿ ರಾಡಾರುಗಳ ಮಿಡಿತ.

ಹೊರಗಿನಿಂದ ಕೇಳಿದರೆ ಮುಂಬಯಿ ಹೇಗಿರುತ್ತದೆಂದು ರೇಡಿಯೋ ಖಗೋಳದವರನ್ನು ಕೇಳಬೇಕು. ಟಿ.ಐ.ಎಫ್.ಆರ್.ನ ಗೋವಿಂದ ಸ್ವರೂಪ್ 1965ರಲ್ಲಿ ಆಸ್ಟ್ರೇಲಿಯಾ ಕೊಟ್ಟ 32 ಪುಟ್ಟ ಡಿಶ್‌ಗಳನ್ನು ಕಲ್ಯಾಣದಲ್ಲಿ ನಿಲ್ಲಿಸಿ ಸೂರ್ಯನನ್ನು ಆಲಿಸಿದರು. ಇವತ್ತು ಕಲ್ಯಾಣ ಸ್ಟೇಷನ್ನಿನಲ್ಲಿ ಸಂಜೆ ಇಳಿಯುವವರು ಈ ಮಾತನ್ನು ನಂಬಲಿಕ್ಕಿಲ್ಲ. ಮುಂದೆ ಅವರೇ 45 ಮೀಟರಿನ 30 ಡಿಶ್‌ಗಳ ಜಿ.ಎಂ.ಆರ್.ಟಿ. ಕಟ್ಟಿದಾಗ ಜಾಗ ಹುಡುಕಿದ್ದು ಪುಣೆಯಿಂದಲೂ 80 ಕಿಲೋಮೀಟರ್ ಆಚೆ, ಖೊಡದ್ ಹಳ್ಳಿಯಲ್ಲಿ. ದೂರದ ಪಿಸುಮಾತು ಕೇಳಬೇಕೆನ್ನುವವರಿಗೆ ಊರು ಎಂದರೆ ಅರ್ಥವಿಲ್ಲದ ಗದ್ದಲ.

ನಾಸಾದ ರವಿ ಕೊಪ್ಪರಪು ಮತ್ತು ಜೊತೆಗಾರರು 2021ರಲ್ಲಿ ಇನ್ನೊಂದು ಸಾಧ್ಯತೆ ಹೇಳಿದರು. ವಾಹನ, ಕಾರ್ಖಾನೆಗಳು ಉಗುಳುವ ನೈಟ್ರೋಜನ್ ಡೈಆಕ್ಸೈಡನ್ನು ದೂರದ ಗ್ರಹದ ಬೆಳಕಿನಲ್ಲಿ ಗುರುತಿಸಿದರೆ ಅಲ್ಲಿ ಕೈಗಾರಿಕೆ ಇದೆ ಎಂದು ಊಹಿಸಬಹುದು. ತಿರುಗಿಸಿ ನೋಡಿದರೆ, ಅವರಿಗೂ ಇಲ್ಲಿನ ಹೊಗೆ ಹಾಗೆಯೇ ಕಾಣಬಹುದು. ಆದರೆ ಗ್ರಹಕ್ಕೆಲ್ಲ ಸೇರಿ ಒಂದು ಗೆರೆ, ಒಂದು ಸರಾಸರಿ. ದೂರದ ಕಣ್ಣು ಕಾಣುವುದೇ ಅಷ್ಟು. ದೂರದಿಂದ ನೋಡುವವನು ನಿಷ್ಪಕ್ಷಪಾತಿ ಎಂಬುದು ಪುರಾಣಕಾಲದ ನಂಬಿಕೆ. ಅವನಿಗೆ ಪಕ್ಷಗಳೇ ಕಾಣದಿದ್ದರೆ ಪಕ್ಷಪಾತವಿಲ್ಲ ಎಂದು ಮೆಚ್ಚುವುದೇನು?

ಮುಂಬಯಿಯ ಹೊಗೆ ಬಾಹ್ಯಾಕಾಶದಿಂದ ಕಂಡದ್ದು ಊಹೆಯಲ್ಲ. 2016ರ ಜನವರಿ ಕೊನೆಯಲ್ಲಿ ದೇವನಾರ್ ಡಂಪಿಂಗ್ ಗ್ರೌಂಡಿಗೆ ಬೆಂಕಿ ಬಿದ್ದಾಗ, ನಗರದ ಮೇಲೆ ಹರಡಿದ ಹೊಗೆಯ ಬಾಲವನ್ನು ನಾಸಾದ ಉಪಗ್ರಹ ಹಿಡಿದುಕೊಟ್ಟಿತು. ಅನ್ಯಲೋಕದ ಅತಿಥಿಗೆ ಇದಕ್ಕಿಂತ ಒಳ್ಳೆಯ ಪಟ ಬೇಕೇ? ನೋಡಿರಿ, ಮನುಷ್ಯ ತನ್ನ ಕಸಕ್ಕೆ ತಾನೇ ಬೆಂಕಿ ಹಚ್ಚಿ ತಾನೇ ಕೆಮ್ಮುತ್ತಿದ್ದಾನೆ.

ಆ ವಾಕ್ಯವನ್ನು ಒಡೆದು ನೋಡಬೇಕು. ದೇವನಾರಿಗೆ ಕಸ ಬೀಳುವುದು 1927ರಿಂದ. ಅದು ಕೊಲಾಬಾದ ಕಸ, ಬಾಂದ್ರಾದ ಕಸ, ಮಲಬಾರ್ ಹಿಲ್‌ನ ಮದುವೆಮನೆಗಳ ಕಸ. ಕೆಮ್ಮಿದವರು ಮೊದಲಿಗೆ ಗೋವಂಡಿಯ ಶಿವಾಜಿ ನಗರ, ಬೈಗನವಾಡಿ, ರಫೀಕ್ ನಗರದವರು. ಅವರಲ್ಲಿ ಎಷ್ಟೋ ಜನ ಆ ಗುಡ್ಡದ ಮೇಲೆ ಪ್ಲಾಸ್ಟಿಕ್ಕು, ಕಬ್ಬಿಣ ಹೆಕ್ಕಿ, ಕಸವನ್ನು ಮತ್ತೆ ಸಾಮಾನಾಗಿಸಿ ನಗರಕ್ಕೆ ಕೊಡುವವರು. ಈ ಪ್ರದೇಶ ಸೇರುವ ಎಂ ಪೂರ್ವ ವಾರ್ಡು, 2009ರ ಮುಂಬಯಿ ಮಾನವ ಅಭಿವೃದ್ಧಿ ವರದಿಯಲ್ಲಿ ನಗರದ 24 ವಾರ್ಡುಗಳ ಪೈಕಿ ಎಲ್ಲಕ್ಕಿಂತ ಕೆಳಗಿತ್ತು. ಕಸ ಮಾಡಿದ ‘ಮನುಷ್ಯ’ನಿಗೂ ಹೊಗೆ ಕುಡಿದ ‘ಮನುಷ್ಯ’ನಿಗೂ ನಡುವೆ ಹಾರ್ಬರ್ ಲೈನಿನ ಹತ್ತಾರು ಸ್ಟೇಷನ್ನುಗಳಿವೆ. ಉಪಗ್ರಹದ ಚಿತ್ರದಲ್ಲಿ ಅವು ಇಲ್ಲ.

ಆರೇ ಕಾಲೊನಿಯ ಕತೆಯೂ ಹೀಗೇ. 2019ರ ಅಕ್ಟೋಬರ್ 4ರಂದು ಬಾಂಬೆ ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿತು. ಅದೇ ರಾತ್ರಿ ಮೆಟ್ರೋ ಕಾರ್‌ಶೆಡ್‌ಗಾಗಿ ಗರಗಸಗಳು ಶುರುವಾದವು. 7ನೇ ತಾರೀಖು ಸುಪ್ರೀಂ ಕೋರ್ಟ್ ತಡೆಯುವಷ್ಟರಲ್ಲಿ 2,141 ಮರ ಬಿದ್ದಿದ್ದವು. ತಡೆಯಲು ಹೋದವರಲ್ಲಿ 29 ಮಂದಿಯನ್ನು ಪೊಲೀಸರು ಬಂಧಿಸಿದರು. ಆ ಕಾಡಿನ ಪಾಡಾಗಳಲ್ಲಿ ತಲೆಮಾರುಗಳಿಂದ ವಾರ್ಲಿ ಆದಿವಾಸಿಗಳಿದ್ದಾರೆ. ಮೆಟ್ರೋ ಬೇಕು ಎಂದವರಲ್ಲೂ ಎಲ್ಲರೂ ಕಟುಕರಲ್ಲ. ವಿರಾರಿನ ಲೋಕಲ್‌ನಲ್ಲಿ ಬಾಗಿಲಿಗೆ ಜೋತುಬಿದ್ದು ಬರುವವರಿಗೆ ಮೆಟ್ರೋ ಎಂದರೆ ಜೀವ ಉಳಿಯುವ ಲೆಕ್ಕ. ಇವೆಲ್ಲ ಜಗಳವಾಡಿ, ಕೋರ್ಟು ಹತ್ತಿ, ಚೌಕಾಸಿ ಮಾಡಿ ತೀರಿಸಿಕೊಳ್ಳಬೇಕಾದ ವ್ಯಾಜ್ಯಗಳು. ‘ಮನುಷ್ಯ ಕಾಡನ್ನು ನುಂಗಿದ’ ಎಂಬ ವಾಕ್ಯ ಬಂದು ಕೂತಿತೋ, ವಾದಿಯೂ ಇಲ್ಲ, ಪ್ರತಿವಾದಿಯೂ ಇಲ್ಲ, ಬರೀ ಶೋಕಸಭೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. 1990ರ ಫೆಬ್ರವರಿ 14ರಂದು, ಅದೇ ವೊಯೇಜರ್ 1 ಸುಮಾರು 600 ಕೋಟಿ ಕಿಲೋಮೀಟರ್ ಆಚೆಯಿಂದ ತಿರುಗಿ ನೋಡಿ ಭೂಮಿಯ ಪಟ ತೆಗೆಯಿತು. ಒಂದು ಬೆಳಕಿನ ಕೋಲಿನಲ್ಲಿ ತೇಲುವ ಧೂಳಿನ ಕಣ. ಆ ಪಟ ನೋಡಿದ ಎಷ್ಟೋ ಜನರ ಅಹಂಕಾರ ಇಳಿದದ್ದು ಸುಳ್ಳಲ್ಲ. ಹೊರಗಿನ ಕಣ್ಣನ್ನು ಊಹಿಸಿಕೊಳ್ಳುವುದರಿಂದ ವಿನಯ ಬರುತ್ತದೆ, ಅದನ್ನೂ ಕಿತ್ತುಕೊಂಡರೆ ಉಳಿಯುವುದೇನು ಎಂದು ಕೇಳಬಹುದು.

ವಿನಯ ಬರಲಿ, ಬೇಡವೆಂದವರಾರು. ಆದರೆ ಆ ಪಟವನ್ನು ನೋಡಿ ತಗ್ಗಬೇಕಾದವರು ಯಾರೆಂದೂ ಕೇಳಬೇಕಲ್ಲ. ಬೈಗನವಾಡಿಯಲ್ಲಿ ನೀರಿನ ಟ್ಯಾಂಕರಿಗೆ ಕ್ಯೂ ನಿಂತವಳಿಗೆ ತಾನು ವಿಶ್ವದ ಕೇಂದ್ರವೆಂಬ ಭ್ರಮೆ ಯಾವತ್ತೂ ಇರಲಿಲ್ಲ. ಅವಳಿಗೆ ನೀನು ಧೂಳಿನ ಕಣ ಎಂದು ಹೇಳಲು ಬಾಹ್ಯಾಕಾಶ ನೌಕೆ ಬೇಕಾಗಿಲ್ಲ, ವಾರ್ಡ್ ಆಫೀಸಿನ ಗುಮಾಸ್ತ ಸಾಕು. ಇನ್ನು, ಮೇಲಿನಿಂದ ಗಡಿಗಳೇ ಕಾಣುವುದಿಲ್ಲ ಎಂಬ ಇನ್ನೊಂದು ಸವಿಮಾತು. ರಾತ್ರಿ ಹೊತ್ತು ಅಂತರಿಕ್ಷ ನಿಲ್ದಾಣದಿಂದ ತೆಗೆದ ಚಿತ್ರಗಳಲ್ಲಿ ಭಾರತ ಪಾಕಿಸ್ತಾನದ ಗಡಿ ಬೇಲಿಯ ದೀಪಗಳಿಂದಾಗಿ ಕಿತ್ತಳೆ ಬಣ್ಣದ ಗೆರೆಯಾಗಿ ನಿಚ್ಚಳವಾಗಿ ಕಾಣುತ್ತದೆ.

ಮುಂಬಯಿಯ ಸಿನಿಮಾದವರು ಈ ವಿಷಯದಲ್ಲಿ ಪ್ರಬಂಧಕಾರರಿಗಿಂತ ಜಾಣರು. 2014ರ ‘ಪೀಕೆ’ಯಲ್ಲಿ ಇಳಿದುಬರುವ ಅನ್ಯಗ್ರಹದವನಿಗೆ ಭಾಷೆಯಿಲ್ಲ. ಭಾಷೆ ಬರಬೇಕಾದರೆ ಯಾರದಾದರೂ ಕೈ ಹಿಡಿದು ಕೂರಬೇಕು. ಕೊನೆಗೆ ಕೈ ಕೊಟ್ಟವಳು ಭೋಜಪುರಿ ಮಾತಾಡುವ ವೇಶ್ಯೆ. ಆದ್ದರಿಂದ ಅವನು ಚಿತ್ರ ಪೂರ್ತಿ ಭೋಜಪುರಿ ಧಾಟಿಯಲ್ಲಿ ಮಾತಾಡುತ್ತಾನೆ. ಚಿತ್ರದ ಉಳಿದ ತರ್ಕದಲ್ಲಿ ತೂತುಗಳಿರಬಹುದು, ಇದೊಂದು ಮಾತ್ರ ಭಾಷಾಶಾಸ್ತ್ರದ ತರಗತಿಯಲ್ಲಿ ಹೇಳಿಕೊಡಬಹುದಾದಷ್ಟು ಸರಿ. ಅನ್ಯಲೋಕದವರು ಮನುಕುಲವನ್ನು ನೋಡಲಾರರು. ಅವರು ಕೈ ಹಿಡಿದವರನ್ನು ನೋಡುತ್ತಾರೆ. ಅದೇ ಪೀಕೆ ಅಲ್ಟಾಮೌಂಟ್ ರೋಡಿನಲ್ಲಿ ಯಾರದೋ ಕೈ ಹಿಡಿದಿದ್ದರೆ ಅವನ ವರದಿಯೇ ಬೇರೆಯಾಗಿರುತ್ತಿತ್ತು, ದೇವನಾರಿನಲ್ಲಿ ಹಿಡಿದಿದ್ದರೆ ಮತ್ತೊಂದು.

ಆದ್ದರಿಂದ ಮುಂದಿನ ಬಾರಿ ಯಾರಾದರೂ ವೇದಿಕೆಯಲ್ಲಿ ಅನ್ಯಲೋಕದ ಅತಿಥಿಯನ್ನು ಕರೆತಂದರೆ, ಸಭಿಕರು ಕೈಯೆತ್ತಿ ಎರಡೇ ಪ್ರಶ್ನೆ ಕೇಳಬಹುದು. ಸ್ವಾಮಿ, ನಿಮ್ಮ ಅತಿಥಿ ಯಾರ ಕೈ ಹಿಡಿದಿದ್ದಾನೆ? ನೀವು ‘ನಾವು’ ಎಂದಿರಲ್ಲ, ಅದನ್ನು ಮರಾಠಿಯಲ್ಲಿ ಹೇಳಿದರೆ ಯಾವುದು?

ದೇವನಾರಿನಲ್ಲಿ ಈ ಎರಡನೇ ಪ್ರಶ್ನೆಗೆ ಈಗ ಕಾಗದಪತ್ರಗಳಲ್ಲೇ ಉತ್ತರ ಸಿಗುತ್ತದೆ. ಧಾರಾವಿಯ ಪುನರಭಿವೃದ್ಧಿಯಲ್ಲಿ 2000ದ ಜನವರಿ 1ಕ್ಕಿಂತ ಮೊದಲು ಬಂದು ನೆಲಮಟ್ಟದಲ್ಲಿ ವಾಸ ಹೂಡಿದವರಿಗೆ ಧಾರಾವಿಯೊಳಗೇ ಪುಕ್ಕಟೆ ಮನೆ. ತಾರೀಖಿನ ಈಚೆಗೆ ಬಂದವರಿಗೆ ಊರಿನ ಬೇರೆ ಕಡೆ. ಆ ‘ಬೇರೆ ಕಡೆ’ಗಾಗಿ ರಾಜ್ಯ ಸರ್ಕಾರ 2024ರಲ್ಲಿ ಒಪ್ಪಿಗೆ ಕೊಟ್ಟ ಜಾಗಗಳಲ್ಲಿ ದೇವನಾರ್ ಡಂಪಿಂಗ್ ಗ್ರೌಂಡಿನ 124 ಎಕರೆಯೂ ಇದೆ. ಅಲ್ಲಿ ಮೊದಲು ನೂರು ವರ್ಷದ ಕಸ ತೆಗೆಯಬೇಕು, ಆಮೇಲೆ ಮನೆ ಕಟ್ಟಬೇಕು.